ಹೊನ್ನೆಕಟ್ಟೆಯ ಮೊಂಬಾಸಾ

ಒಬ್ಬ ಮನುಷ್ಯ ಪರದೇಶದಲ್ಲಿದ್ದಾನೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಅಧಿಕಾರ ಆ ಮನುಷ್ಯನಿಗೆ ಇರುವುದಿಲ್ಲ. ೧೯೩೨ರಲ್ಲಿ ಕಾರವಾರದ ವಿದೇಶವಾಸಿಗಳ ಉತ್ಪನ್ನ ತಪಾಸಣೆ ಕಛೇರಿಯ ಗೋಡೆಗೆ ಅಂಟಿಸಿದ್ದ ನಿಯಮಾವಳಿಯಲ್ಲಿ ಇದೇ ಮೊದಲನೆಯದು.

ಅಂಕೋಲೆಯ ಕಡೆಯ ಸುಕ್ರಿಗೆ ಓದು ಬಾರದು. ಆದ್ದರಿಂದ ತನ್ನ ಗಂಡ ಮಾಬ್ಲೇಶ್ವರ ಒಂಬತ್ತು ವರ್ಷದಿಂದ ಮೊಂಬಾಸಾದಲ್ಲಿದ್ದಾನೆಂದೇ ಅವಳು ತಿಳಿದಿದ್ದಳು. ಅಲ್ಲಿ ಅವನು ರೈಲ್ವೆ ಸಾಹೇಬನೊಬ್ಬನ ಮನೆಯ ಅಡುಗೆಯವ. ಈಗ ರಜೆಯ ಮೇಲೆ ಬಂದು ಎರಡು ತಿಂಗಳಾಗಿತ್ತು. ಈ ಎರಡು ತಿಂಗಳಲ್ಲಿ ಅವನು ಅವಳ ಮಡಕೆಗಳ ಮುಚ್ಚಳ ತೆಗೆದು ಮೂಸದ ದಿನವಿರಲಿಲ್ಲ.

“ಬಂಗಡೆಗೆ ಇಷ್ಟು ಹುಳಿ ಎಂತಕ್ಕೆ? ನಮ್ಮ ಮಡಮ್ಮ ಉಂಡ್ರೆ ಕಣ್ಣಲ್ಲಿ ನೀರು ಬತ್ತದೆ.”

“ನಿಮ್ಮ ಮಡಮ್ಮಂಗೆ ನಾ ಬಡಿಸಿದ್ನಾ?”

ಅವರ ಕೇರಿಯಲ್ಲಿ ಒಂದು ಪದ್ಧತಿ. ತುಳಸಿಕಟ್ಟೆಯ ಮುಂದೆ ಕಾಯಿ ಒಡೆದು ಪರದೇಶಕ್ಕೆ ಕಳಿಸಿದವನು ಪರದೇಶವಾಸ ಮುಗಿಸದೆ ತಿರುಗಿ ಹೊಸ್ತಿಲು ತುಳಿಯುವಂತಿಲ್ಲ. ಮಳೆಗಾಲದ ಮುಂಚಿನ ಕೊನೆಯ ಆಗಬೋಟಿಗೆ, ಅಂದರೆ ಹೊಗೆಹಡಗಿಗೆ, ಇನ್ನೂ ನಾಲ್ಕು ದಿನವಿರುವಾಗಲೇ ಸುಕ್ರಿ ಕಾಯಿ ಒಡೆದಳು. ಗಂಡನ ತಲೆಯ ಮೇಲೆ ಟ್ರಂಕು ಹೊರಿಸಿ, ತನ್ನ ತಲೆಯ ಮೇಲೆ ಇಶಾಡು ಮಾವಿನಹಣ್ಣಿನ ಬುಟ್ಟಿ ಇಟ್ಟುಕೊಂಡು, ಕಾರವಾರದ ತನಕ ತಾನೇ ಬಂದಳು. ಅವನು ದೋಣಿಯಿಂದ ಆಗಬೋಟಿಗೆ ಹತ್ತುವುದನ್ನು ಕಣ್ಣಾರೆ ಕಾಣಬೇಕೆಂದು ಅವಳ ಹಟ.

ಹತ್ತುವ ಮೊದಲು ಒಂದು ಕಾಗದ ಬೇಕಿತ್ತು. ಪರದೇಶದ ದುಡಿಮೆಯ ಉತ್ಪನ್ನ, ಅಂದರೆ ಆದಾಯ, ಬರೆದುಕೊಟ್ಟು ಕರ ಒಪ್ಪಿಕೊಂಡಾಗಿದೆ, ಸರಕಾರಕ್ಕೆ ಸಮಾಧಾನವಾಗಿದೆ ಎಂಬ ದಾಖಲೆ. ಇಂಥ ಕಾಗದಗಳಿಗೆಂದೇ ಕಾರವಾರದಲ್ಲಿ ತುಳಸಿದಾಸ ವಕೀಲರಿದ್ದರು. ‘ಪರದೇಶದಲ್ಲಿರುವವರ ಉತ್ಪನ್ನಪತ್ರಗಳನ್ನು ಶಾಸ್ತ್ರೋಕ್ತವಾಗಿ ತುಂಬಿಕೊಡಲಾಗುವುದು’ ಎಂಬ ಫಲಕ ಅವರ ಬಾಗಿಲಿಗಿಂತ ಅಗಲವಾಗಿತ್ತು. ಸಂಭಾವನೆ ಹಣ್ಣಿನ ರೂಪದಲ್ಲಿ ಸಂದರೂ ಅಡ್ಡಿಯಿಲ್ಲವೆಂದು, ಒಂದು ಹಣ್ಣನ್ನು ಮೂಸುತ್ತ, ಅವರೇ ಹೇಳಿದರು.

“ಎಲ್ಲಿ ಇರೂದು?”

“ಮೊಂಬಾಸಾದಲ್ಲಿ, ಒಡೆಯರೆ.”

“ಈಗ ಎಲ್ಲಿದ್ದೆ?”

“ಈಗ ನಿಮ್ಮ ಮುಂದೇ ಇದ್ದೆ.”

“ಅದೇ ತೊಂದ್ರೆ ನೋಡು,” ಎಂದು ವಕೀಲರು ಹಣ್ಣಿನ ತೊಟ್ಟು ಕಿತ್ತರು.

ಪರದೇಶದಲ್ಲಿರುವವರ ಪತ್ರಕ್ಕೆ ಪರದೇಶದಲ್ಲಿ ಕೂತೇ ಸಹಿ ಮಾಡಬೇಕು. ಮಾಬ್ಲೇಶ್ವರ ಇಲ್ಲಿದ್ದಾನೆ. ಅಲ್ಲಿಗೆ ಹೋಗಬೇಕಾದರೆ ಆಗಬೋಟಿ ಹತ್ತಬೇಕು. ಹತ್ತಬೇಕಾದರೆ ಸಹಿಯಾದ ಪತ್ರ ಬೇಕು. ಊರಲ್ಲಿರುವವರ ಪತ್ರವೂ ಒಂದಿತ್ತು. ಅದರಲ್ಲಿ ‘ನಾನು ಎಲ್ಲಿಗೂ ಹೋಗುವುದಿಲ್ಲ’ ಎಂದು ಪ್ರಮಾಣ ಮಾಡಬೇಕಿತ್ತು.

“ಅದು ಮಾತ್ರ ಬ್ಯಾಡ,” ಎಂದಳು ಸುಕ್ರಿ, ಗಂಡನಿಗಿಂತ ಮೊದಲು.

ವಿಷಯ ಕಛೇರಿಯ ಸಾಹೇಬರ ಮುಂದೆ ಹೋಯಿತು. ಆ ವರ್ಷ ಅಂಕೋಲೆಯಲ್ಲಿ ಕರ ಕೊಡುವುದಿಲ್ಲ ಎಂದವರನ್ನೆಲ್ಲ ಜೈಲಿನಲ್ಲಿ ಇಡಲಾಗಿತ್ತು. ಕೊಡುತ್ತೇನೆಂದು ತಾನಾಗಿ ಬಂದ ಅಂಕೋಲೆಯವನನ್ನು ಎಲ್ಲಿಡಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಸಾಹೇಬರು ಮೂರು ದಿನ ಯೋಚಿಸಿದರು, ಆರು ಹಣ್ಣು ತಿಂದರು. ನಾಲ್ಕನೆಯ ದಿನ ವಕೀಲರ ಸಲಹೆಯಂತೆ ಹುಕುಂ ಹೊರಟಿತು:

‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಛೇರಿಯ ಹಿಂದಿನ ಹೊನ್ನೆಮರದ ಕಟ್ಟೆಯನ್ನು ಇನ್ನು ಮುಂದೆ, ಕಛೇರಿಯ ಕಾರ್ಯಗಳ ಮಟ್ಟಿಗೆ, ಮೊಂಬಾಸಾ ಎಂದು ಭಾವಿಸತಕ್ಕದ್ದು. ಕಟ್ಟೆಯ ಮೇಲೆ ಬಟ್ಟೆ ಒಣಹಾಕಕೂಡದು.’

ಮಾಬ್ಲೇಶ್ವರ ಕಟ್ಟೆ ಹತ್ತಿ ಕೂತು ಸಹಿ ಮಾಡಿದ. ಕೆಳಗಿಳಿಯಲು ಕಾಲು ಚಾಚುವಷ್ಟರಲ್ಲಿ ವಕೀಲರು ಹೌಹಾರಿದರು.

“ಇಳೀಬೇಡ ಮಾರಾಯಾ! ಏಳನೇ ನಿಯಮ. ಪರದೇಶದಲ್ಲಿ ಒಂದೇ ಸವನೆ ನೂರೆಂಬತ್ತೆರಡು ದಿನ ಇರ್ಬೇಕು.”

“ನಾ ಒಂಬತ್ತು ವರ್ಷ ಇದ್ದೆನಲ್ರಾ?”

“ಅದು ಬೇರೆ ಮೊಂಬಾಸಾ. ಅದಕ್ಕೆ ಈ ಕಛೇರಿಯಲ್ಲಿ ದಾಖಲೆ ಇಲ್ಲ.”

ಅಷ್ಟರಲ್ಲಿ ಬಂದರಿನಲ್ಲಿ ಆಗಬೋಟಿ ಕೂಗಿತು. ಇನ್ನೆರಡು ಸಲ ಕೂಗಿ ಹೋಯಿತು. ಮಾಬ್ಲೇಶ್ವರ ಕಟ್ಟೆಯ ಮೇಲಿಂದ ಹೆಂಡತಿಯ ಮುಖ ನೋಡಿದ.

“ಹಂಗಾರೆ ಮನೆಗೇ ಬತ್ತೆ.”

“ಬರೂಕೆ ಆಗೂದಿಲ್ಲ,” ಎಂದಳು ಸುಕ್ರಿ. “ಕಾಯಿ ಒಡ್ದಾಗದೆ.”

ಬುಟ್ಟಿ ಹಗುರವಾಗಿತ್ತು. ಅವಳು ಅದನ್ನು ಮಗುಚಿ ತಲೆಯ ಮೇಲಿಟ್ಟುಕೊಂಡು ಅಂಕೋಲೆಯ ದಾರಿ ಹಿಡಿದಳು. ಕೇರಿಯವರು ಕೇಳಿದಾಗ, “ಮೊಂಬಾಸಾದಲ್ಲಿದ್ದಾರೆ, ಕಾರವಾರದ್ದರಲ್ಲಿ,” ಎಂದಳು. ನೆರೆಮನೆಯ ಗಂಗಿಯೊಬ್ಬಳು ಮಾತ್ರ, ಸಮುದ್ರ ದಾಟದೆ ಅದೆಂಥ ಪರದೇಶವೇ ಎಂದು ಮೂಗು ಮುರಿದಳು. ಸುಕ್ರಿ ಸರಕಾರದ ಮುದ್ರೆಯಿದ್ದ ಹುಕುಮಿನ ನಕಲು ತೋರಿಸಿದ ಮೇಲೆ ಅವಳೂ ಒಪ್ಪಿದಳು.

ಮಳೆಗಾಲಕ್ಕೆ ಕಟ್ಟೆಗೆ ತೆಂಗಿನ ಮಡಲಿನ ಮಾಡು ಬಂತು. ಸದಾಶಿವಗಡದ ಒಬ್ಬ ದರ್ಜಿ ರಂಗೂನಿನ ಕಾಗದಕ್ಕೆಂದು ಬಂದವನು ಮೂಲೆಯಲ್ಲಿ ನೆಲಸಿದ. ಆ ಮೂಲೆಯನ್ನು ರಂಗೂನ್ ಎಂದು ಭಾವಿಸಲಾಯಿತು. ಏಡನ್ನಿಗೆ ಹೊರಟವರಿಬ್ಬರು ಜಾಗ ಸಾಲದೆ ಬೇರಿನ ಮೇಲೆ ಕೂತರು. ಇಷ್ಟು ಜನರಿಗೆ ಮಾಬ್ಲೇಶ್ವರ ಗಂಜಿ, ಸಾರು ಬೇಯಿಸತೊಡಗಿದ. ವಾಸನೆ ಹಿಡಿದು ಸಾಹೇಬರೂ ಬಂದು ಉಂಡರು. ‘ಪರದೇಶದ ಅಡುಗೆಯವ’ ಎಂಬ ಹುದ್ದೆ ಸೃಷ್ಟಿಸಿ ಅವನಿಗೇ ಕೊಟ್ಟರು. ತಿಂಗಳಿಗೊಮ್ಮೆ ಸುಕ್ರಿಗೆ ಅಂಚೆಯಲ್ಲಿ ಹಣವೂ ಕಾಗದವೂ ಬರುತ್ತಿದ್ದವು: ‘ಇಲ್ಲಿ ಕ್ಷೇಮ. ಇಲ್ಲಿಯ ಹವೆ ನಮ್ಮ ಊರಿನ ಹಾಗೆಯೇ ಇದೆ.’ ಮೊದಲಿನ ಮೊಂಬಾಸಾಕ್ಕಿಂತ ಈ ಮೊಂಬಾಸಾದ ಅಂಚೆ ಚುರುಕಾಗಿದೆಯೆಂದು ಅವಳಿಗೆ ಮೆಚ್ಚಿಕೆ.

ನೂರೆಂಬತ್ತಮೂರನೆಯ ದಿನ ಕಾಗದ ಕೈಗೆ ಬಂತು. ಇನ್ನು ಆಗಬೋಟಿ ಹತ್ತಲು ಅಡ್ಡಿಯಿರಲಿಲ್ಲ.

“ಆದ್ರೆ ಹೋಗೂದು ಎಂತಕ್ಕೆ?” ಎಂದರು ವಕೀಲರು. “ಅಲ್ಲೇ ಇದ್ದಿಯಲ್ಲ.”

ಮಾಬ್ಲೇಶ್ವರನಿಗೂ ಇದು ನ್ಯಾಯವೆನಿಸಿತು. ಅವನು ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವನಿಗೆ ಪರದೇಶದಿಂದ ಊರಿಗೆ ಹೋಗಿಬರಲು ಎರಡು ತಿಂಗಳ ರಜೆ ಮಂಜೂರಾಯಿತು.

ಕೇರಿಯ ಜನ ನೆರೆದರು. ಅವನು ಟ್ರಂಕು ಬಿಚ್ಚಿ ಎಲ್ಲರಿಗೂ ಒಂದೊಂದು ಸಾಬೂನು ಕೊಟ್ಟ. ಗಂಗಿ ಮೂಸಿ ನೋಡಿ, ಪರದೇಶದ್ದೇ ಸೈ ಎಂದಳು. ಸುಕ್ರಿ ಗಂಡನ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಅವನು ಚಾಪೆಯ ಮೇಲೆ ಕೂರದೆ ನೇರವಾಗಿ ಒಳಗೆ ನಡೆದ. ಒಲೆಯ ಮೇಲಿನ ಮಡಕೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ಅಲ್ವೇ, ನಮ್ಮ ಸಾಹೇಬರು ಇಷ್ಟು ಹುಳಿ…”

ಸುಕ್ರಿ ಅಟ್ಟದಿಂದ ಒಂದು ಕಾಯಿ ಇಳಿಸಿ, ಜುಟ್ಟು ಬಿಟ್ಟು ಸಿಪ್ಪೆ ಸುಲಿದು, ತುಳಸಿಕಟ್ಟೆಯ ಮುಂದೆ ಹೋಗಿ ನಿಂತಳು.