ಕೆಂಪು ಬಾಳೆಯ ವಶೀಲಿ

ವಶೀಲಿ ಇಲ್ಲದೆ ನಮ್ಮ ಕಡೆ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎನ್ನುತ್ತಾರೆ. ಹಚ್ಚಿ ನೋಡಿದವನು ನಾನು. ಅಲ್ಲಾಡುತ್ತದೆ, ಆದರೆ ಯಾವ ಕಡೆಗೆ ಎಂದು ಮೊದಲೇ ಹೇಳಲಾಗದು.

ಮನೆ ಕಲಬುರಗಿಯಲ್ಲಿ, ಗುಮಾಸ್ತಿಕೆ ಕಮಲಾಪುರದಲ್ಲಿ. ದಿನಾ ಬಸ್ಸಿನಲ್ಲಿ ಕುಲುಕಿ ಕುಲುಕಿ ಸೊಂಟ ಹೋಗಿತ್ತು. ಊರಿಗೆ ವರ್ಗ ಬೇಕಿತ್ತು, ಅಷ್ಟೇ. ಕಮಲಾಪುರದಿಂದ ಯಾರೂ ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ, ಕೆಂಪು ಬಾಳೆಹಣ್ಣು ಹಿಡಿದೇ ಹೋಗುತ್ತಾರೆ. ನಾನೂ ಹಿಡಿದೆ.

ರಾಜಕೀಯ

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಮುಖಂಡರೊಬ್ಬರು ಹಣ್ಣು ಮುಟ್ಟಿ ನೋಡಿ, “ಇಷ್ಟೇ ಏನ್ರಿ? ನಿಮ್ಮ ಸಾಹೇಬರು ನಮ್ಮವರೇ. ಫಿಕರ್ ಮಾಡಬ್ಯಾಡ್ರಿ, ಫೋನ್ ಹಚ್ತೀನಿ” ಎಂದರು. ಬಾಗಿಲ ತನಕ ಬಂದು ದನಿ ತಗ್ಗಿಸಿದರು: “ನಮ್ಮ ನಳದಾಗ ನೀರೇ ಬರವಲ್ದು. ನಿಮಗ ಯಾರರ ಪರಿಚಯ ಇದ್ರ ಒಂದು ಮಾತು ಹೇಳ್ರಿ.”

ಜ್ಯೋತಿಷ್ಯ

ನಮ್ಮ ಸಾಹೇಬರು ಅಂಗಿ ಹೊಲಿಸುವುದಿದ್ದರೂ ಒಬ್ಬ ಜ್ಯೋತಿಷಿಯನ್ನು ಕೇಳುತ್ತಾರಂತೆ. ಅಲ್ಲಿಗೂ ಹೋದೆ.

“ಶನಿ ಪ್ರಭಾವ ಜೋರ ಅದ. ಅದಕ್ಕೇ ಈ ತಿರುಗಾಟ.”

“ಹಂಗಾರ ಶನಿಗಿ ಒಂದು ಮಾತು ಹೇಳ್ರಿ.”

“ಶನಿ ಮುಂದ ನಂದು ನಡಿಯಂಗಿಲ್ಲ. ಸಾಹೇಬರಿಗಿ ಬೇಕಾದ್ರ ಹೇಳ್ತೀನಿ.”

ಶನಿಯ ಹೆಸರಿನ ಹಣ್ಣನ್ನು ತಾವೇ ಇಟ್ಟುಕೊಂಡರು.

ರೀಲ್ಸ್

ಪಕ್ಕದ ಮನೆಯ ಹುಡುಗಿ ಸ್ಟೇಶನ್ ಬಜಾರದಲ್ಲಿ ಮಿರ್ಚಿ ತಿಂದು ಕಣ್ಣೀರು ಹಾಕುವ ರೀಲ್ಸ್ ಮಾಡುತ್ತಾಳೆ. ಇನ್‌ಫ್ಲುಯೆನ್ಸರ್ ಅಂತೆ. “ಕಾಕಾ, ಹಣ್ಣು ಹಿಡಕೊಂಡು ಬಸ್ಸಿನಾಗ ನಿಂದ್ರಿ, ಸೊಂಟದ ಕಷ್ಟ ಹೇಳ್ರಿ” ಎಂದಳು. ಮಿರ್ಚಿ ಇಲ್ಲದೆಯೇ ನನಗೆ ಕಣ್ಣೀರು ಬಂತು. ಊರೆಲ್ಲ ನೋಡಿತು. ನೋಡಿದವರೆಲ್ಲ ಬರೆದದ್ದು ಒಂದೇ: “ಹಣ್ಣು ಎಲ್ಲಿ ಸಿಗ್ತಾವ್ರಿ?”

ಕೊನೆಗೆ ಆಫೀಸು

ಸಾಹೇಬರು ಕಲಬುರಗಿಯ ಜಿಲ್ಲಾ ಆಫೀಸಿಗೆ ಕರೆಸಿ, ಎದ್ದು ನಿಂತು ಕುರ್ಚಿ ತೋರಿಸಿದರು. ನನ್ನ ಎದೆ ಉಬ್ಬಿತು.

“ಮುಂಜಾನಿಂದ ನಿಮ್ಮವೇ ಫೋನ್ ರೀ. ಮುಖಂಡರು, ಜ್ಯೋತಿಷಿಗಳು. ನಮ್ಮ ಮನಿಯಾಕಿ ಬ್ಯಾರೆ ರೀಲ್ಸ್ ತೋರಿಸಿದಳು. ಇಷ್ಟು ವಶೀಲಿ ಇದ್ದವ್ರು ನಮ್ಮಲ್ಲಿ ಅದಾರಂತ ಗೊತ್ತೇ ಇರಲಿಲ್ಲ. ಕಮಲಾಪುರ ಆಫೀಸಿಗಿ ನಳಾ ಇಲ್ಲ, ಕೂಲರ್ ಇಲ್ಲ, ಕೇಳಿ ಕೇಳಿ ನನಗ ಸಾಕಾಗ್ಯಾದ. ನಿಮ್ಮನ್ನ ಅಲ್ಲಿಂದ ಕದಲಸಂಗಿಲ್ಲ. ನೀವೇ ಎಲ್ಲಾ ಮಾಡಸ್ರಿ!”

ನನ್ನ ವಶೀಲಿಯ ಸುದ್ದಿ ಹಬ್ಬಿತು. ಮರುದಿನ ಎದುರು ಟೇಬಲ್ಲಿನ ಗೆಳೆಯ ಕೆಂಪು ಬಾಳೆ ಹಿಡಿದು ನನ್ನ ಮುಂದೆ ನಿಂತ. “ಅಣ್ಣಾ, ಕಲಬುರಗಿಗಿ ನನ್ನ ವರ್ಗಕ್ಕ ಒಂದು ಮಾತು ಹೇಳ್ರಿ.” “ಫಿಕರ್ ಮಾಡಬ್ಯಾಡ, ಫೋನ್ ಹಚ್ತೀನಿ” ಎಂದು ಹಣ್ಣು ಸುಲಿದು ತಿಂದೆ. ಯಾರಿಗೂ ಫೋನ್ ಹಚ್ಚಲಿಲ್ಲ.

ಸರದಿಯ ಪ್ರಕಾರ ಅವನಿಗೆ ತಾನಾಗಿಯೇ ವರ್ಗವಾಯಿತು, ಅದೂ ನನ್ನ ಮನೆಯ ಎದುರಿನ ಆಫೀಸಿಗೆ. ಈಗ ಬೆಳಿಗ್ಗೆ ನಾನು ಸೊಂಟ ಹಿಡಿದುಕೊಂಡು ಬಸ್ಸಿಗೆ ಓಡುವಾಗ, ಅವನು ಚಹಾದಂಗಡಿಯಲ್ಲಿ ಆರಾಮಾಗಿ ಕೂತು ಪಕ್ಕದವರಿಗೆ ನನ್ನನ್ನು ತೋರಿಸುತ್ತಾನೆ:

“ನನ್ನ ಕೆಲಸ ಮಾಡಿಸಿದವ್ರು ಇವರೇ ನೋಡ್ರಿ. ವರ್ಗ ಬೇಕಾದ್ರ ಇವರನ್ನ ಹಿಡೀರಿ!”