ಕೆಂಪು ದೀಪದಡಿಯ ಬಿಳಿ ಅಂಗಿ

ಬೊಕ್‌ಮನ್‌ನ ಮಾನ ತೆಗೆಯಲು ಒಂದು ಹನಿ ಗೊಜ್ಜು ಸಾಕಾಯಿತು.

ಹೊಟ್ಟೆಹುಣ್ಣೆಂದು ಡಾಕ್ಟರು ಖಾರ ಬಿಡಿಸಿದ್ದರು. "ಈ ವಾರ ಖಾರ ಮುಟ್ಟದಿದ್ರೆ ಮಾತ್ರ ವಾರ ಮುಗಿದ್ಮೇಲೆ ಗೆಳೆಯರ ದೋಣೀಲಿ ಮೀನು ಹಿಡಿಯೋಕೆ ಹೋಗಿ," ಎಂದು ಹೆಂಡತಿ ಮಾಲ್‌ಸುನ್ ಷರತ್ತು ಹಾಕಿದ್ದಳು. ವಾರವೆಲ್ಲ ಋಷಿಯಂತಿದ್ದ. ಕಡೆಯ ದಿನ, ಹೊಸ ಬಿಳಿ ಅಂಗಿ ತೊಟ್ಟು ಕೇರಿಯ ಫೋಟೊ ತರಗತಿಗೆ ಹೊರಟವನನ್ನು, ಬುಸಾನ್ ಸಂತೆಯ ಮೂಲೆಯಲ್ಲಿ ಕೆಂಪಗೆ ಕೊತಕೊತ ಕುದಿಯುತ್ತಿದ್ದ, ಖಾರದ ಗೊಜ್ಜಿನಲ್ಲಿ ಅಕ್ಕಿಕಡುಬು ಬೇಯುವ ತೊಕ್ಬೊಕ್ಕಿಯ ಬಾಣಲೆ ಹೆಸರು ಹಿಡಿದು ಕರೆಯಿತು.

ತಿಂದ. ಎದೆಯ ಮೇಲೆ ಒಂದು ಹನಿ ಬಿತ್ತು. ಒರೆಸಿದ, ಹನಿ ಹಪ್ಪಳದಗಲವಾಯಿತು.

ಚೀಲವನ್ನು ಎದೆಗವಚಿಕೊಂಡು ಸಭಾಭವನದ ನೆಲಮಾಳಿಗೆಗೆ ಇಳಿದ. ಅಲ್ಲೇ ಫೋಟೊ ತೊಳೆಯುವ ಕತ್ತಲೆಕೋಣೆ, ಒಳಗೆ ಕೆಂಪು ಬಲ್ಬೊಂದೇ. ಬಗ್ಗಿ ನೋಡಿಕೊಂಡರೆ ಕಲೆಯೇ ಇಲ್ಲ! ಕೆಂಪು ಬೆಳಕಿನಲ್ಲಿ ಕೆಂಪು ಕಲೆ ಮಜ್ಜಿಗೆಗೆ ಬಿದ್ದ ಸುಣ್ಣದಂತೆ ಮಾಯವಾಗಿತ್ತು.

ಮತ್ತೆ ಅವನು ಹೊರಗೆ ಕಾಲಿಡಲೇ ಇಲ್ಲ. ಉಳಿದವರು ಟೀ ಕುಡಿಯಲು ಹೋದರೆ ಇವನು ಔಷಧಿಯ ಟ್ರೇ ತೊಳೆದ.

"ಏನಪ್ಪಾ ಬೊಕ್‌ಮನ್, ಕಾವಿಗೆ ಕೂತ ಕೋಳಿ ಹಾಗೆ ಕೂತೇಬಿಟ್ಯಲ್ಲ!" ಎಂದಳು ಎದುರು ಮನೆಯ ಒಕ್‌ಬುನ್ ಅಜ್ಜಿ.

"ಕಲಿಯೋ ಆಸೆ ಅಂದ್ರೆ ಇದು," ಎಂದರು ಫೋಟೊ ಕಲಿಸುವ ನಾಮ್ ಮೇಷ್ಟ್ರು.

ಮಧ್ಯಾಹ್ನ ಕರಿ ಪರದೆ ಸರಿಸಿಕೊಂಡು, ಬುತ್ತಿ ಹಿಡಿದು ಮಾಲ್‌ಸುನ್ ತಾನೇ ಬಂದಳು. ಬೊಕ್‌ಮನ್ ಚೀಲಕ್ಕಾಗಿ ತಡಕಾಡಿದ. ಅವಳು ಅಡಿಯಿಂದ ಮುಡಿಯವರೆಗೆ ನೋಡಿ, "ಪರವಾಗಿಲ್ವೇ! ಅಂಗಿ ಮಲ್ಲಿಗೆ ಥರ ಇಟ್ಕೊಂಡಿದೀರ. ನಾಳೆ ಹೋಗ್ಬನ್ನಿ, ದೊಡ್ಡ ಮೀನೇ ತನ್ನಿ," ಎಂದಳು.

ಆ ಖುಷಿಗೆ ಅವನು, "ತನ್ನಿ ಅಜ್ಜಿ, ನಿಮ್ಮ ಫೋಟೊನೂ ನಾನೇ ತೊಳೀತೀನಿ," ಎಂದುಬಿಟ್ಟ.

ಅಜ್ಜಿ ಬೆಳಿಗ್ಗೆ ಸಂತೆಯಲ್ಲಿ ಕಂಡದ್ದನ್ನೆಲ್ಲ ಕ್ಲಿಕ್ಕಿಸಿ ರೀಲು ತೊಳೆದು ಒಣಗಿಸಿಟ್ಟಿದ್ದಳು. ಈಗ ಮಾಲ್‌ಸುನ್‌ಗೆ ಸೊಸೆಯ ಸುದ್ದಿ ಹೇಳುತ್ತ, ನೆಗೆಟಿವ್ ಮೂಲಕ ಫೋಟೊ ಕಾಗದಕ್ಕೆ ಬೆಳಕು ಬಿಟ್ಟವಳು ಅದನ್ನು ಆರಿಸುವುದನ್ನೇ ಮರೆತಳು.

"ಅಯ್ಯೋ, ಬೆಳಕು ಜಾಸ್ತಿ ಆಯ್ತು! ಬೊಕ್‌ಮನ್, ಚಿತ್ರ ಮೂಡ್ತಿದ್ದ ಹಾಗೇ ಎತ್ತಿಬಿಡಿ, ತಡವಾದ್ರೆ ಪೂರ್ತಿ ಕಪ್ಪಾಗುತ್ತೆ," ಎಂದರು ಮೇಷ್ಟ್ರು.

ಔಷಧಿಯಲ್ಲಿ ಮೊದಲು ಬಾಣಲೆ ಮೂಡಿತು. ಆಮೇಲೆ ಒಂದು ಜೋಡಿ ಕಿವಿ. ಆ ಕಿವಿಗಳನ್ನು ಬೊಕ್‌ಮನ್ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದ! ಅವುಗಳ ನಡುವೆ ಬಾಯೊಂದು ಅಗಲವಾಗಿ ತೆರೆದುಕೊಳ್ಳುತ್ತಿತ್ತು.

"ಯಾರ್ರೀ ಅದು?" ಮಾಲ್‌ಸುನ್ ಬಗ್ಗಿದಳು.

"ಇನ್ನೂ ಮೂಡಿಲ್ಲ ಕಣೇ!" ಅವನು ಅಂಗೈ ಅಡ್ಡ ಹಿಡಿದ.

"ಎತ್ತಿ, ಎತ್ತಿ!" ಮೇಷ್ಟ್ರು ಕೂಗಿದರು.

"ಇಕ್ಕಳ ಜಾರ್ತಿದೆ ಮೇಷ್ಟ್ರೇ!"

ಎತ್ತುವಷ್ಟರಲ್ಲಿ ಕಾಗದ ಕಾವಲಿಯ ಬೆನ್ನಿನಂತೆ ಕಪ್ಪಾಗಿತ್ತು. "ನನ್ನ ಮೊದಲನೇ ಫೋಟೊ!" ಎಂದು ಅಜ್ಜಿ ಗೋಳಿಟ್ಟಳು. ಬೊಕ್‌ಮನ್ ಬೆವರೊರೆಸಿಕೊಂಡು ಮನಸ್ಸಿನಲ್ಲೇ ಗಾಳಕ್ಕೆ ಎರೆಹುಳು ಸಿಕ್ಕಿಸಿದ.

"ಅಳ್ಬೇಡಿ ಅಜ್ಜಿ, ನೆಗೆಟಿವ್ ಭದ್ರವಾಗಿದೆ," ಎಂದರು ಮೇಷ್ಟ್ರು. "ಎಲ್ರೂ ಕಾಗದದ ಡಬ್ಬಿ ಮುಚ್ಚಿದ್ರಾ? ಏನಾಗಿದೆ ನೋಡೇ ಬಿಡೋಣ."

ಎಂದವರೇ ಬಿಳಿ ದೀಪ ಹಾಕಿದರು.

ಕಪ್ಪು ಕಾಗದವನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಬೊಕ್‌ಮನ್‌ನ ಎದೆಯ ಮೇಲೆ, ಮುಳುಗುವ ಸೂರ್ಯನಂತೆ ಕೆಂಪಗೆ ಹೊಳೆಯುತ್ತಿದ್ದ ಕಲೆಯ ಮೇಲೆ. ಮಾಲ್‌ಸುನ್ ಹತ್ತಿರ ಬಂದು ಮೂಸಿದಳು. ಬೈಯಲಿಲ್ಲ. ಅಜ್ಜಿಯತ್ತ ತಿರುಗಿ ಮೆತ್ತಗೆ ಹೇಳಿದಳು:

"ಅಜ್ಜೀ, ಆ ಚಿತ್ರ ನಾಳೆ ಇನ್ನೊಂದು ಸಲ ಹಾಕಿ. ದೊಡ್ಡದಾಗಿ. ಇವರಿಗೆ ನಾಳೆ ಪೂರ್ತಿ ಬಿಡುವು, ಟ್ರೇ ಅಲ್ಲಾಡಿಸ್ತಾರೆ."