ಒಗ್ಗಾಣಿ ಬಂಡಿಯೂ ಪರಿಸರ ವರದಿಯೂ

ಊರನ್ನು ಉದ್ಧಾರ ಮಾಡಲು ಹೊರಟವರು ಮೊದಲು ಒಂದು ವರದಿ ಬರೆಸುತ್ತಾರೆ. ವರದಿ ಇದ್ದಲ್ಲಿ ಎಡವಟ್ಟು ಆಗದೆ ಇರುವುದಿಲ್ಲ. ಹೊಸ ಕಟ್ಟಡ ಬಂದರೆ ಗಾಳಿ ಎಷ್ಟು ಕೆಡುತ್ತದೆ, ರಸ್ತೆ ಎಷ್ಟು ಇಕ್ಕಟ್ಟಾಗುತ್ತದೆ ಎಂದು ಕಂಪನಿಯವರು ಬರೆದುಕೊಟ್ಟದ್ದು ಸರಿಯೇ ತಪ್ಪೇ ಎಂದು ನೋಡುವುದು ಸರ್ಕಾರಿ ಕಚೇರಿಯಲ್ಲಿ ನನ್ನ ಉದ್ಯೋಗ. ನಾನು ಹೇಳಿದ್ದನ್ನು ಕೇಳುವ ಉದ್ಯೋಗ ಮಾತ್ರ ಯಾರಿಗೂ ಕೊಟ್ಟಿಲ್ಲ.

ಕಳೆದ ವರ್ಷ ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಫೈಲು ಬಂತು. ಹಳೇ ಸಂತೆ ಬಯಲಿನಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟಬೇಕಂತೆ. ಅದಕ್ಕೆ ಅಲ್ಲಿರುವ ಹುಣಸೆ ಮರ ಹೋಗಬೇಕು, ಮರದ ಕೆಳಗೆ ತಳ್ಳುಬಂಡಿಯಲ್ಲಿ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಮಾರುವ ಅಕ್ಕನೂ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಅವರು ಓದಿಸಿದ್ದು ಆ ಬಂಡಿಯಿಂದಲೇ. ಫೈಲಿನಲ್ಲಿ ಅವರ ಹೆಸರಿರಲಿಲ್ಲ, ‘ತಾತ್ಕಾಲಿಕ ಅಡಚಣೆ’ ಎಂದಿತ್ತು. ಅಕ್ಕ ಅಲ್ಲಿ ತಾತ್ಕಾಲಿಕವಾಗಿ ನಿಂತು ಇಪ್ಪತ್ತೆರಡು ವರ್ಷವಾಗಿತ್ತು.

೧. ಯಂತ್ರಕ್ಕೆ ಮರ್ಯಾದೆ

ಕಂಪನಿಯವರು ಧೂಳು ಅಳೆಯುವ ಯಂತ್ರ ತಂದು ಮರದ ಪಕ್ಕ ಇಟ್ಟು ಹೋದರು. ಧೂಳು ಈಗಾಗಲೇ ಹೆಚ್ಚಿದ್ದರೆ ಹೊಸ ಕಟ್ಟಡಕ್ಕೆ ಅನುಮತಿ ಸಿಗುವುದು ಕಷ್ಟ. ರಾಯದುರ್ಗದ ಧೂಳಿನ ಮೇಲೆ ನನಗೆ ಪೂರ್ತಿ ಭರವಸೆ ಇತ್ತು. ಓಬಳಾಪುರದ ಗಣಿಗಳ ಕಡೆಯಿಂದ ಬರುವ ಲಾರಿಗಳೂ ಕೈಬಿಡಲಾರವು ಎಂದುಕೊಂಡೆ.

ಮೂರು ದಿನ ಬಿಟ್ಟು ಅಂಕಿ ನೋಡಿದರೆ ಊಟಿಯ ಗಾಳಿ. ಗಾಬರಿಯಾಗಿ ಹೋಗಿ ನೋಡಿದೆ. ಅಕ್ಕ ದಿನಕ್ಕೆ ಮೂರು ಸಲ ಯಂತ್ರದ ಸುತ್ತ ಕೊಡಗಟ್ಟಲೆ ನೀರು ಹೊಡೆದು, ಮುಂದೆ ರಂಗೋಲಿ ಹಾಕಿ, ಸಾಲದ್ದಕ್ಕೆ ಅದರ ಮೂತಿಗೆ ಹಳೇ ಸೀರೆಯ ಚೂರು ಕಟ್ಟಿದ್ದರು. ನಿಮ್ಮ ಕಾಲಿಗೆ ನೀವೇ ಯಾಕೆ ಕೊಡಲಿ ಹಾಕಿಕೊಂಡಿರಿ ಎಂದು ಕೇಳಿದೆ.

"ಸರ್ಕಾರದ ಮಷೀನ್ರಿ ಸಾರ್, ನಮ್ಮ ಹತ್ರ ಬಿಟ್ಟು ಹೋಗ್ಯಾರ. ಧೂಳು ಹೊಕ್ಕು ಕೆಟ್ರ ನಮ್ಮ ಮ್ಯಾಲೆ ಬರಲ್ಲೇನ್ರಿ?"

ನಾನು ಆಕ್ಷೇಪಣೆ ಬರೆದೆ. ನಮ್ಮ ಸಾಹೇಬರು, ಯಂತ್ರಕ್ಕಿಂತ ನಿನಗೆ ಹೆಚ್ಚು ಗೊತ್ತೇ ಎಂದು ತೆಲುಗಿನಲ್ಲಿ ಗದರಿಸಿ ಫೈಲು ಮುಂದಕ್ಕೆ ದಾಟಿಸಿದರು.

೨. ಮಡಕಶಿರಾದ ಪ್ರದಕ್ಷಿಣೆ

ಅಕ್ಕನ ಮುಖ ಬಾಡಿತ್ತು. ಸಮಾಧಾನಕ್ಕೆಂದು ನಮ್ಮೂರು ಮಡಕಶಿರಾದ ಕಥೆ ಹೇಳಿದೆ. ಅಲ್ಲಿ ವಾಹನ ಹೆಚ್ಚು ಓಡಾಡುವ ಬೀದಿಯನ್ನು ಅಗಲ ಮಾಡುತ್ತೇವೆಂದು ಎಣಿಸಲು ಕೂತರು. ಬೀದಿ ಅಗಲವಾದರೆ ಅಂಗಡಿಗಳ ಮುಂಭಾಗ ಹೋಗುತ್ತದೆ. ಪೇಟೆ ಬೀದಿಯವರು ಮೂಲೆಯಲ್ಲಿ ನಿಂತು, ರೊಳ್ಳದ ಕಡೆಯಿಂದ ಬಂದ ಗಾಡಿಗಳಿಗೆಲ್ಲ "ಇತ್ಲಾಗ್ ಬ್ಯಾಡ ಕಣಣ್ಣ, ಮೋರಿ ಅಗ್ದವ್ರೆ" ಎಂದು ಹೇಳಿ ಹಿಂದಿನ ಬೀದಿಗೆ ತಿರುಗಿಸಿದರು. ಹಿಂದಿನ ಬೀದಿಯವರು ಕೈಕಟ್ಟಿ ಕೂರುವವರೇ? ಅದೇ ಮೋರಿಯ ಕಥೆ ಹೇಳಿ ಪೇಟೆ ಬೀದಿಗೇ ವಾಪಸು ಅಟ್ಟಿದರು. ಕಡಲೆಕಾಯಿ ಮೂಟೆ ಹೊತ್ತ ಒಂದು ಆಟೋ ಬೆಳಿಗ್ಗೆಯೆಲ್ಲ ಪ್ರದಕ್ಷಿಣೆ ಹಾಕಿ, ಡೀಸೆಲ್ ಮುಗಿದು ಎಣಿಸುವವರ ಮುಂದೆಯೇ ನಿಂತಿತು. ಎರಡು ಬೀದಿಗಳನ್ನೂ ಅಗಲ ಮಾಡಬೇಕೆಂದು ವರದಿ ಬಂತು.

ನಾನು ನಕ್ಕೆ. ಅಕ್ಕ ನಗಲಿಲ್ಲ. ಇಲ್ಲಿಯೂ ಗಾಡಿ ಎಣಿಸುತ್ತಾರಾ, ಬಹಳ ಇದ್ದರೆ ಏನಾಗುತ್ತದೆ ಎಂದು ಕೇಳಿದರು. ಗಾಡಿ ಹೆಚ್ಚಿದ್ದಷ್ಟೂ ಅವನ್ನು ನಿಲ್ಲಿಸಲು ಕಟ್ಟಡದವರು ಜಾಗ ಬಿಡಬೇಕಾಗುತ್ತದೆ ಎಂದು ಬಾಯಿ ಜಾರಿ ಹೇಳಿದೆ.

೩. ಕುರಿ ಬಂದ ದಿನ

ಎಣಿಸಲು ಬಂದವರು ಕಂಪನಿಯ ಒಬ್ಬ ಹಿರಿಯ ನೌಕರರು, ದಪ್ಪ ಕನ್ನಡಕದವರು. ಅವರ ಮೊಬೈಲಿನಲ್ಲಿ ಎರಡು ಚಕ್ರ, ಮೂರು ಚಕ್ರ, ನಾಲ್ಕು ಚಕ್ರ ಎಂದು ಮೂರೇ ಗುಂಡಿ. ಅಕ್ಕ ತಮ್ಮ ಗಿರಾಕಿಗಳಾದ ಕುರಿಗಾರರಿಗೆಲ್ಲ, ಆ ದಿನ ಮಂದೆಯನ್ನು ಈ ದಾರಿಯಲ್ಲೇ ಹೊಡೆದುಕೊಂಡು ಬನ್ನಿ, ಗಾಡಿಗಳು ನಿಂತು ರಸ್ತೆ ತುಂಬಿದ ಹಾಗೆ ಕಾಣಲಿ ಎಂದು ಹೇಳಿ ಕಳಿಸಿದ್ದರು.

ಕುರಿಗಳು ಬಂದವು. ಹಿರಿಯರು ದಿಕ್ಕು ತೋಚದೆ ಕಂಪನಿಗೆ ಫೋನ್ ಮಾಡಿದರು. ದಾಟಿದ್ದು ಯಾವುದನ್ನೂ ಬಿಡಬೇಡಿ, ಹತ್ತಿರದ ಗುಂಡಿ ಒತ್ತಿ ಎಂದು ಅಪ್ಪಣೆಯಾಯಿತು. ಅವರು ಕುರಿಯ ಕಾಲು ನೋಡಿ ನಾಲ್ಕು ಚಕ್ರದ ಗುಂಡಿ ಒತ್ತತೊಡಗಿದರು. ಬಹಳ ಪ್ರಾಮಾಣಿಕ ಮನುಷ್ಯ. ತಾಯಿಯನ್ನು ಹುಡುಕಿಕೊಂಡು ಹಿಂದಕ್ಕೆ ಓಡಿದ ಮರಿಯೊಂದು ಮರಳಿ ಬಂದಾಗ ಅದಕ್ಕೂ ಇನ್ನೊಮ್ಮೆ ಒತ್ತಿದರು.

ಕಾರುಗಳ ಲೆಕ್ಕದಲ್ಲಿ ರಾಯದುರ್ಗ ವಿಜಯವಾಡವನ್ನು ಹಿಂದೆ ಹಾಕಿತು. ಇದು ನಿಜವೇ ಎಂದು ಸಾಹೇಬರು ನನ್ನನ್ನು ಕರೆದು ಕೇಳಿದರು. ಇದ್ದದ್ದು ಹೇಳಿದರೆ ವರದಿ ನೆಟ್ಟಗಾಗುತ್ತದೆ, ಅಕ್ಕ ಬೀದಿಗೆ ಬೀಳುತ್ತಾರೆ. ಯಂತ್ರವೇ ಹೇಳುತ್ತಿದೆಯಲ್ಲ ಸಾರ್ ಎಂದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಅವರು ನನ್ನ ಮಾತು ಒಪ್ಪಿದ್ದು ಅದೇ ಮೊದಲು.

ಅಷ್ಟು ಕಾರಿಗೆ ಜಾಗ ಬಿಡಬೇಕೆಂದರೆ ಇಡೀ ಬಯಲೇ ಬೇಕು. ಕಟ್ಟಡಕ್ಕೆ ಜಾಗವೇ ಉಳಿಯಲಿಲ್ಲ. ಕಾಂಪ್ಲೆಕ್ಸ್ ಕೈಬಿಟ್ಟು, ನೆರಳಿಗೆ ಮರ ಉಳಿಸಿಕೊಂಡು, ಬಯಲನ್ನು ಪಾರ್ಕಿಂಗ್ ಎಂದು ಸಾರಿ, ನೆಲಕ್ಕೆ ಬಿಳಿ ಗೆರೆ ಹೊಡೆಸಿದರು. ನನಗೆ ಹಿಡಿಸಲಾರದಷ್ಟು ಖುಷಿ. ಅಕ್ಕನಿಗೆ ಹೇಳೋಣವೆಂದು ಓಡಿದೆ.

ಹೋಗಿ ನೋಡಿದರೆ ಹೊಸ ಬೋರ್ಡಿನ ಕೆಳಗೆ ಹೊಸ ಕಾವಲುಗಾರ. ಇಲ್ಲಿ ನಾಲ್ಕು ಚಕ್ರದ ಗಾಡಿ ಬಿಟ್ಟು ಬೇರೇನೂ ನಿಲ್ಲಬಾರದೆಂದು ಬರೆದಿದೆ, ಈಗಲೇ ಬಂಡಿ ತೆಗೆ ಎಂದು ಅಕ್ಕನ ಮೇಲೆ ರೇಗುತ್ತಿದ್ದ. ಸುಳ್ಳು ಹೇಳಿ ಉಳಿಸಲು ಹೋಗಿ ನಾನೇ ಅವರ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ನಾಚಿಕೆಯಾಯಿತು.

ಅಕ್ಕ ಎಣ್ಣೆಯಿಂದ ಮಿರ್ಚಿ ಎತ್ತುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು:

"ಬೋರ್ಡ್ ನಾನೂ ಓದೀನ್ರಿ. ಸ್ವಲ್ಪ ಬಗ್ಗಿ ನನ್ನ ಬಂಡಿ ಗಾಲಿ ಎಣಿಸ್ರಿ."

ಆತ ಬಗ್ಗಿ ಒಂದು ಕಡೆಯಿಂದ ಎಣಿಸಿದ. ನಂಬಿಕೆ ಬರದೆ ಇನ್ನೊಂದು ಕಡೆಯಿಂದಲೂ ಎಣಿಸಿದ. ಆಮೇಲೆ ಎದ್ದು, ಬಂಡಿ ಗೆರೆಯ ಮೇಲೆ ನಿಂತಿದೆ, ಒಳಗೆ ನಿಲ್ಲಿಸಬೇಕು ಎಂದು ತಾನೇ ತಳ್ಳಿ ನೆಟ್ಟಗೆ ನಿಲ್ಲಿಸಿಕೊಟ್ಟ. ಇಡೀ ಬಯಲಿನಲ್ಲಿ ಆ ದಿನ ನಿಂತಿದ್ದ ನಾಲ್ಕು ಚಕ್ರದ ಗಾಡಿ ಅದೊಂದೇ.